ಎರಡು ಇಂಚಿನ ಸೀಳು: ಲೂಯಿವಿಲ್ ನಗರದ ಫೈಬರ್ ಜಾಲದಲ್ಲಿ ದುಡಿಮೆಯ ಗಂಟೆಗಳ ಲೆಕ್ಕ

2019ರ ಫೆಬ್ರವರಿ 7ರಂದು, ಗಾಜಿನ ಎಳೆಗಳ ಕೇಬಲ್ (ಫೈಬರ್) ಮೂಲಕ ಮನೆಗಳಿಗೆ ಇಂಟರ್ನೆಟ್ ಕೊಡುವ ಗೂಗಲ್ ಫೈಬರ್ ಸಂಸ್ಥೆಯು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ತನ್ನ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಲ್ಲಿ ಮನೆಗಳಿಗೆ ಸಂಪರ್ಕ ಕೊಡಲು ಆರಂಭಿಸಿ ಆಗಿನ್ನೂ ಒಂದೂವರೆ ವರ್ಷವೂ ಕಳೆದಿರಲಿಲ್ಲ. ಜಾಲವನ್ನು ಸರಿಪಡಿಸಬೇಕಾದರೆ ಹೆಚ್ಚುಕಡಿಮೆ ಇಡೀ ಜಾಲವನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ, ಅದು ವ್ಯವಹಾರದ ದೃಷ್ಟಿಯಿಂದ ಸರಿಹೊಂದುವುದಿಲ್ಲ ಎಂಬುದು ಸಂಸ್ಥೆ ಕೊಟ್ಟ ಕಾರಣವಾಗಿತ್ತು. ಕೊನೆಯ ಎರಡು ತಿಂಗಳ ಸೇವೆಯನ್ನು ಉಚಿತವಾಗಿ ಕೊಟ್ಟು, ಏಪ್ರಿಲ್ 15ರಂದು ಸಂಪರ್ಕವನ್ನು ಕಡಿಯಲಾಯಿತು. ಹಣವಿದ್ದ, ಅನುಭವವಿದ್ದ, ಕಾನ್ಸಾಸ್ ಸಿಟಿಯಲ್ಲಿ 2012ರಿಂದಲೇ ಮನೆಮನೆಗೆ ಫೈಬರ್ ಎಳೆದು ತೋರಿಸಿದ್ದ ಸಂಸ್ಥೆಯೊಂದು ತಾನೇ ಕಟ್ಟಿದ ಜಾಲವನ್ನು ಇಷ್ಟು ಬೇಗ ಬಿಟ್ಟುಹೋದದ್ದು ಹೇಗೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಕೇಬಲ್ ಅನ್ನು ತೀರಾ ಮೇಲುಮೇಲೆ ಹೂತಿದ್ದರು. ಆ ಉತ್ತರ ನಿಜ. ಆದರೆ ಫೈಬರ್ ಕಾಮಗಾರಿಗಳ ಅಂದಾಜುಪಟ್ಟಿ ಸಿದ್ಧಪಡಿಸುವ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದಿರುವ ನನಗೆ ಈ ಪ್ರಕರಣವು ಮೊದಲಿಗೆ ದುಡಿಮೆಯ ಗಂಟೆಗಳನ್ನು ಎಣಿಸುವ ವಿಧಾನದ ಪ್ರಶ್ನೆಯಾಗಿ ಕಾಣುತ್ತದೆ.

ಮನೆಗಳಿಗೆ ಫೈಬರ್ ಜಾಲ ಕಟ್ಟುವ ಕಾಮಗಾರಿಯ ಅಂದಾಜನ್ನು ಹೇಗೆ ಹಾಕುತ್ತಾರೆ ಎಂಬುದನ್ನು ಮೊದಲು ಹೇಳಬೇಕು. ಕೆಲಸವನ್ನು ಬಾಬ್ತುಗಳಾಗಿ ಒಡೆಯುತ್ತೇವೆ: ನೆಲ ಅಗೆಯುವುದು ಅಥವಾ ಕಂಬದ ಮೇಲೆ ಕೇಬಲ್ ಎಳೆಯುವುದು, ಕೊಳವೆ ಹಾಕುವುದು, ಎಳೆಗಳನ್ನು ಬೆಸೆಯುವುದು, ಒಂದು ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್ ಪೆಟ್ಟಿಗೆಗಳನ್ನು ಕೂರಿಸುವುದು, ಬೀದಿಯಿಂದ ಮನೆಯೊಳಗೆ ಡ್ರಾಪ್ ಕೇಬಲ್ ತರುವುದು, ಕೊನೆಗೆ ಪರೀಕ್ಷಿಸುವುದು. ಪ್ರತಿ ಬಾಬ್ತಿಗೂ ಒಂದು ಅಳತೆ ಇರುತ್ತದೆ, ಅಂದರೆ ಮೀಟರ್, ಜೋಡಣೆ ಅಥವಾ ಮನೆ. ಒಂದು ಅಳತೆಗೆ ಇಷ್ಟು ಮಾನವ-ಗಂಟೆ (ಒಬ್ಬರ ಒಂದು ಗಂಟೆಯ ದುಡಿಮೆ) ಎಂದು ಹಿಡಿದು ಗುಣಿಸಿದರೆ ಅಂದಾಜು ಸಿದ್ಧವಾಗುತ್ತದೆ. ಈ ವಿಧಾನದಲ್ಲಿ ತಪ್ಪೇನೂ ಇಲ್ಲ. ಆದರೆ ಪಟ್ಟಿಯಲ್ಲಿ ಅತಿ ದೊಡ್ಡ ಅಂಕಿಯಾಗಿ ಕಣ್ಣಿಗೆ ಹೊಡೆಯುವುದು ನೆಲ ಅಗೆಯುವ ಬಾಬ್ತು, ಆದ್ದರಿಂದ ಗಂಟೆಗಳನ್ನು ಕಡಿಮೆ ಮಾಡಬೇಕೆಂದು ಹೊರಟವರೆಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ಹಾಗೆ ಹೋಗುವುದಕ್ಕೆ ಕಾರಣವೂ ಇದೆ. ಒಂದು ಮೀಟರ್ ಆಳ, ಮೂವತ್ತು ಸೆಂಟಿಮೀಟರ್ ಅಗಲದ ಸಾಧಾರಣ ಅಗೆತವನ್ನು ತೆಗೆದುಕೊಂಡರೆ ಪ್ರತಿ ಮೀಟರ್ ಉದ್ದಕ್ಕೆ 300 ಲೀಟರಿನಷ್ಟು ಮಣ್ಣನ್ನು ಎತ್ತಿ ಹೊರಗೆ ಹಾಕಿ, ಮತ್ತೆ ತುಂಬಿ, ದಮ್ಮಸು ಮಾಡಬೇಕು. ನಮ್ಮ ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಹೋಗುವ ಕೇಬಲ್ಲಿಗೆ ನಿಗದಿಯಾದ ಆಳ 1.65 ಮೀಟರ್. ಗುದ್ದಲಿ, ಪಿಕಾಸಿ ಹಿಡಿದು ಆ ಆಳಕ್ಕೆ ಇಳಿದವರನ್ನು ಕಂಡವರಿಗೆ ಅಗೆತದ ಗಂಟೆಗಳು ಎಂದರೇನು ಎಂದು ವಿವರಿಸಬೇಕಾಗಿಲ್ಲ. ಲೂಯಿವಿಲ್‌ನಲ್ಲಿ ಗೂಗಲ್ ಫೈಬರ್ ಆರಿಸಿಕೊಂಡ ವಿಧಾನವು ಇದರ ಇನ್ನೊಂದು ತುದಿಯಲ್ಲಿತ್ತು. ಡಾಂಬರು ರಸ್ತೆಯ ಅಂಚಿನಲ್ಲಿ ಗರಗಸದ ಚಕ್ರದಿಂದ ಸುಮಾರು ಎರಡು ಇಂಚು ಆಳದ, ಬೆರಳಗಲದ ಸೀಳನ್ನು ಕೊರೆದು, ಅದರೊಳಗೆ ಕೇಬಲ್ ಇಟ್ಟು, ಮೇಲೆ ಅಂಟುದ್ರವ್ಯವನ್ನು ಸುರಿದು ಮುಚ್ಚುವುದು ಆ ವಿಧಾನ. ಐದು ಸೆಂಟಿಮೀಟರ್ ಆಳ, ಎರಡು ಸೆಂಟಿಮೀಟರ್ ಅಗಲ ಎಂದು ಹಿಡಿದರೆ ಒಂದು ಮೀಟರಿಗೆ ಹೊರಬರುವ ಪುಡಿ ಒಂದೇ ಒಂದು ಲೀಟರ್. ಮುನ್ನೂರು ಲೀಟರಿನ ಕೆಲಸ ಒಂದು ಲೀಟರಿಗೆ ಇಳಿಯಿತು ಎಂದರೆ ಅಂದಾಜು ಹಾಕುವವನ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ. ಅಂಥ ಅಂಕಿಯನ್ನು ಕಂಡಾಗ ಅದರ ಪಕ್ಕದ ಕಲಮುಗಳನ್ನು (ಕಾಲಂಗಳನ್ನು) ನೋಡುವ ತಾಳ್ಮೆ ಉಳಿಯುವುದು ಕಷ್ಟ.

ಕಂಬದ ದಾರಿ ಏಕೆ ಬೇಡವಾಯಿತು ಎಂಬುದನ್ನೂ ಇಲ್ಲಿ ನೋಡಬೇಕು, ಏಕೆಂದರೆ ದುಡಿಮೆಯ ಗಂಟೆ ಮತ್ತು ಕ್ಯಾಲೆಂಡರಿನ ದಿನ ಇವೆರಡರ ನಡುವಿನ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಅಮೆರಿಕದ ಬೀದಿಕಂಬದಲ್ಲಿ ಮೇಲ್ಭಾಗ ವಿದ್ಯುತ್ತಿಗೆ, ಅದರ ಕೆಳಗೆ ಸುರಕ್ಷತೆಗಾಗಿ ಬಿಟ್ಟ ಜಾಗ, ಅದಕ್ಕೂ ಕೆಳಗೆ ದೂರವಾಣಿ ಹಾಗೂ ಕೇಬಲ್ ಟಿವಿ ಸಂಸ್ಥೆಗಳ ತಂತಿಗಳು ಇರುತ್ತವೆ. ಹೊಸ ಸಂಸ್ಥೆಯೊಂದು ತನ್ನ ಕೇಬಲ್ ಕಟ್ಟಬೇಕಾದರೆ ಈಗಾಗಲೇ ಇರುವವರು ತಮ್ಮ ತಂತಿಗಳನ್ನು ಕೆಲವು ಇಂಚು ಮೇಲೆ ಅಥವಾ ಕೆಳಗೆ ಸರಿಸಿ ಜಾಗ ಮಾಡಿಕೊಡಬೇಕು. ಈ ಸಿದ್ಧತೆಗೆ ಅಲ್ಲಿ ಮೇಕ್ ರೆಡಿ ಎನ್ನುತ್ತಾರೆ. ಸರಳ ಕಂಬದಲ್ಲಿ ಇದು ಒಬ್ಬ ಲೈನ್‌ಮನ್ ಸ್ವಲ್ಪ ಹೊತ್ತಿನಲ್ಲಿ ಮುಗಿಸುವ ಕೆಲಸ. ಆದರೆ ಪ್ರತಿ ಸಂಸ್ಥೆಯೂ ತನ್ನ ತಂತಿಯನ್ನು ತನ್ನ ಜನರಿಂದಲೇ ಸರಿಸಬೇಕೆಂಬ ಪದ್ಧತಿಯಿದ್ದಾಗ, ಒಬ್ಬರು ಬಂದು ಹೋದ ಮೇಲೆ ಇನ್ನೊಬ್ಬರು ಬರುವವರೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆಯುತ್ತವೆ. ಮಾನವ-ಗಂಟೆಯ ಕಲಮಿನಲ್ಲಿ ಅದು ಸಣ್ಣ ಅಂಕಿಯಾಗಿಯೇ ಉಳಿಯುತ್ತದೆ, ಆದರೆ ಜಾಲ ಮುಗಿಯುವ ದಿನವನ್ನು ನಿರ್ಧರಿಸುವುದು ಅದೇ.

ಲೂಯಿವಿಲ್ ನಗರಾಡಳಿತ ಇದನ್ನು ಸರಿಯಾಗಿಯೇ ಗುರುತಿಸಿತ್ತು. ಒಂದೇ ತಂಡವು ಒಂದೇ ಭೇಟಿಯಲ್ಲಿ ಎಲ್ಲರ ತಂತಿಗಳನ್ನೂ ಸರಿಸಬಹುದು ಎಂಬ ನಿಯಮವನ್ನು ಅಲ್ಲಿನ ನಗರಸಭೆಯಾದ ಮೆಟ್ರೋ ಕೌನ್ಸಿಲ್ 2016ರ ಫೆಬ್ರವರಿಯಲ್ಲಿ ಅಂಗೀಕರಿಸಿತು. ಅದೇ ತಿಂಗಳಲ್ಲಿ ದೂರವಾಣಿ ಸಂಸ್ಥೆಯಾದ ಎಟಿ ಅಂಡ್ ಟಿ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ನಗರದ ಪರವಾಗಿ ಬಂದದ್ದು 2017ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಗೂಗಲ್ ಫೈಬರ್ ರಸ್ತೆ ಸೀಳುವ ದಾರಿಯನ್ನು ಹಿಡಿದಾಗಿತ್ತು. ಕಾಮಗಾರಿಯ ಘೋಷಣೆಯಾದ ಸುಮಾರು ಐದು ತಿಂಗಳಲ್ಲಿ, ಅದೇ ವರ್ಷದ ಅಕ್ಟೋಬರಿನಲ್ಲಿ, ಗ್ರಾಹಕರನ್ನು ಸೇರಿಸಿಕೊಳ್ಳತೊಡಗಿತು. ಕಂಬದ ಮೇಲೆ ಕಾಯಬೇಕಾದ ತಿಂಗಳುಗಳೇ ಸಂಸ್ಥೆಯನ್ನು ನೆಲಕ್ಕೆ, ಅದೂ ನೆಲದ ಅತಿ ಮೇಲಿನ ಪದರಕ್ಕೆ ತಳ್ಳಿದವು ಎಂಬುದು ನನ್ನ ತಿಳುವಳಿಕೆ. ಒಂದೇ ಭೇಟಿಯ ಈ ಪದ್ಧತಿಯನ್ನು ಅಮೆರಿಕದ ಕೇಂದ್ರ ಸಂವಹನ ಆಯೋಗವು 2018ರ ಆಗಸ್ಟ್‌ನಲ್ಲಿ ತನ್ನ ನಿಯಮವಾಗಿ ಅಂಗೀಕರಿಸಿತು. ಲೂಯಿವಿಲ್‌ನ ಬೀದಿಗಳಲ್ಲಿ ಆ ಹೊತ್ತಿಗೆ ಅಂಟು ಮೇಲೇಳುತ್ತಿತ್ತು.

ಸೀಳಿಗೆ ತುಂಬಿದ ಅಂಟುದ್ರವ್ಯ ರಸ್ತೆಯಿಂದ ಬಿಟ್ಟುಕೊಂಡು ಹಗ್ಗದಂತೆ ಹೊರಗೆ ಬಂದಿತು. ಕೆಲವೆಡೆ ಅದು ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿತ್ತು, ಕೆಲವೆಡೆ ಒಳಗಿನ ಕೇಬಲ್ ಕಣ್ಣಿಗೆ ಕಾಣುತ್ತಿತ್ತು. ನಿವಾಸಿಗಳು ದೂರು ಕೊಟ್ಟ ಮೇಲೆ ಸಂಸ್ಥೆಯು ಸೀಳುಗಳನ್ನು ಡಾಂಬರು ಮಿಶ್ರಣದಿಂದ ಮತ್ತೆ ತುಂಬಿಸಲು ಹೊರಟಿತು. ಇದು ದುರದೃಷ್ಟದ ಫಲವಲ್ಲ. ಲೂಯಿವಿಲ್ ಓಹಿಯೋ ನದಿಯ ದಡದಲ್ಲಿರುವ ಊರು. ಅಲ್ಲಿನ ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆ ಡಿಗ್ರಿಯ ಆಚೀಚೆ ತೂಗಾಡುತ್ತಿರುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಕರಗಿದಾಗ ಇನ್ನಷ್ಟು ಒಳಕ್ಕೆ ಇಳಿಯುತ್ತದೆ, ಮರುದಿನ ಮತ್ತೆ ಹಿಗ್ಗುತ್ತದೆ. ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗುತ್ತದೆ, ಅದರ ಮೇಲೆ ವಾಹನಗಳ ಗಾಲಿ ಓಡುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ರಸ್ತೆಗೆ ಹೊಸ ಪದರ ಹಾಕುವ ಮುನ್ನ ಹಳೆಯ ಡಾಂಬರಿನ ಮೇಲ್ಭಾಗವನ್ನು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಇಂಚಿನಷ್ಟು ಯಂತ್ರದಿಂದ ಕೆತ್ತಿ ತೆಗೆಯುತ್ತಾರೆ. ಎರಡು ಇಂಚಿನಲ್ಲಿ ಮಲಗಿರುವ ಕೇಬಲ್ ಇರುವುದು ಆ ಕೆತ್ತುವ ಪದರದಲ್ಲಿಯೇ. ಅಂದರೆ ಆ ಬೀದಿಯ ಮುಂದಿನ ರಸ್ತೆ ದುರಸ್ತಿಯ ದಿನವೇ ಕೇಬಲ್ಲಿನ ಆಯಸ್ಸು ಮುಗಿಯುವ ದಿನವಾಗಿತ್ತು.

ಇಲ್ಲಿ ದುರಸ್ತಿಗೆ ತಗಲುವ ದುಡಿಮೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅಂದಾಜುಪಟ್ಟಿಗಳಲ್ಲಿ ಅತ್ಯಂತ ತಪ್ಪಾಗಿ ಲೆಕ್ಕಕ್ಕೆ ಬರುವ ಬಾಬ್ತು ಎಳೆ ಬೆಸೆಯುವುದೇ ಆಗಿದೆ. ಬೆಸೆಯುವ ಯಂತ್ರವು ಎರಡು ಎಳೆಗಳನ್ನು ಸರಿಹೊಂದಿಸಿ ಕಿಡಿಯಿಂದ ಬೆಸೆಯಲು ತೆಗೆದುಕೊಳ್ಳುವುದು ಹತ್ತು ಸೆಕೆಂಡಿನ ಆಸುಪಾಸು, ಮೇಲಿನ ರಕ್ಷಣಾ ಕೊಳವೆಯನ್ನು ಕಾಯಿಸಿ ಕೂರಿಸಲು ಇನ್ನೊಂದು ಅರ್ಧ ನಿಮಿಷ. ಯಂತ್ರ ಮಾರುವವರು ಹೇಳುವ ಅಂಕಿ ಇದೇ, ಮತ್ತು ಅದು ಸುಳ್ಳೂ ಅಲ್ಲ. ಆದರೆ ಆ ಹತ್ತು ಸೆಕೆಂಡಿನ ಮುಂಚೆ ಕೇಬಲ್ಲಿನ ಹೊರಕವಚವನ್ನು ಸೀಳಬೇಕು, ಒಳಗಿನ ಜೆಲ್ ಒರೆಸಬೇಕು, ಎಳೆಯ ಬಣ್ಣದ ಲೇಪವನ್ನು ಸುಲಿಯಬೇಕು, ಸ್ಪಿರಿಟ್ಟಿನಿಂದ ತೊಳೆಯಬೇಕು, ಕ್ಲೀವರಿನಿಂದ ನೇರವಾಗಿ ಕತ್ತರಿಸಬೇಕು. ಬೆಸೆದ ಮೇಲೆ ತಟ್ಟೆಯಲ್ಲಿ ಸುರುಳಿ ಸುತ್ತಿ ಕೂರಿಸಬೇಕು, ಪೆಟ್ಟಿಗೆಗೆ ನೀರು ಹೋಗದಂತೆ ಮುಚ್ಚಬೇಕು. ಹೀಗಾಗಿ ಒಂದು ಜಾಗದಲ್ಲಿ ಕುಳಿತು ಹನ್ನೆರಡು ಎಳೆ ಬೆಸೆಯುವುದಕ್ಕೂ ಹನ್ನೆರಡು ಜಾಗಗಳಲ್ಲಿ ಒಂದೊಂದು ಎಳೆ ಬೆಸೆಯುವುದಕ್ಕೂ ಜೋಡಣೆಯ ಸಂಖ್ಯೆ ಒಂದೇ ಆದರೂ ಗಂಟೆಗಳು ಹಲವು ಪಟ್ಟು ಬೇರೆ. ಅಂದಾಜು ಹಾಕುವವನು ಎಣಿಸಬೇಕಾದದ್ದು ಎಷ್ಟು ಎಳೆ ಎಂಬುದನ್ನಷ್ಟೇ ಅಲ್ಲ, ಎಷ್ಟು ಜಾಗದಲ್ಲಿ ಪೆಟ್ಟಿಗೆ ತೆರೆಯಬೇಕು ಎಂಬುದನ್ನು.

ದುರಸ್ತಿಯಲ್ಲಿ ಈ ಲೆಕ್ಕ ಇನ್ನೂ ಕಟುವಾಗುತ್ತದೆ. ಬೀದಿಯಲ್ಲಿ 24 ಎಳೆಗಳ ಕೇಬಲ್ ಒಂದು ಕಡೆ ತುಂಡಾಯಿತು ಎನ್ನೋಣ. ಆಳವಾದ ಕೊಳವೆಯ ಜಾಲದಲ್ಲಾದರೆ ಕೈಗುಣಿಗಳಲ್ಲಿ (ಕೇಬಲ್ ಮುಟ್ಟಲು ನೆಲದಲ್ಲಿ ಬಿಟ್ಟ ಮುಚ್ಚಳದ ಸಣ್ಣ ಗುಂಡಿಗಳಲ್ಲಿ) ಸುತ್ತಿಟ್ಟ ಹೆಚ್ಚುವರಿ ಕೇಬಲ್ ಇರುತ್ತದೆ, ಅದನ್ನು ಎಳೆದು ಒಂದೇ ಜಾಗದಲ್ಲಿ ಬೆಸೆಯುವ ಅವಕಾಶ ಇರಬಹುದು. ಡಾಂಬರಿನೊಳಗೆ ಅಂಟಿನಲ್ಲಿ ಹೂತ ಕೇಬಲ್ ಅಲುಗುವುದಿಲ್ಲ. ಆಗ ತುಂಡಾದ ಭಾಗವನ್ನು ತೆಗೆದು ಹೊಸ ತುಂಡನ್ನು ಸೇರಿಸಬೇಕು, ಎರಡೂ ತುದಿಯಲ್ಲಿ ಪೆಟ್ಟಿಗೆ ಬೇಕು, 24ರ ಬದಲು 48 ಜೋಡಣೆ ಬೇಕು. ಅದಕ್ಕೂ ಮುನ್ನ ಎಳೆಯೊಳಗೆ ಬೆಳಕು ಹಾಯಿಸಿ ದೂರ ಅಳೆಯುವ ಓಟಿಡಿಆರ್ ಉಪಕರಣ ಇಟ್ಟು ದೋಷ ಎಷ್ಟು ಮೀಟರಿನಲ್ಲಿದೆ ಎಂದು ಹುಡುಕಬೇಕು, ರಸ್ತೆಯ ಒಂದು ಬದಿಯ ಸಂಚಾರ ತಡೆಯಬೇಕು, ಡಾಂಬರು ಒಡೆಯಬೇಕು. ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಬೇಕು. ಇಷ್ಟೂ ಹೊತ್ತು ಆ ಕೇಬಲ್ಲನ್ನು ನೆಚ್ಚಿದ ಮನೆಗಳೆಲ್ಲವೂ ಸಂಪರ್ಕವಿಲ್ಲದೆ ಕಾಯುತ್ತಿರುತ್ತವೆ.

ಇವನ್ನೆಲ್ಲ ಒಂದೇ ಲೆಕ್ಕದಲ್ಲಿ ಇಟ್ಟು ನೋಡಲು ಒಂದು ಬೀದಿಯನ್ನು ಊಹಿಸಿಕೊಳ್ಳೋಣ. ಇದು ಲೂಯಿವಿಲ್‌ನ ದಾಖಲೆಯ ಅಂಕಿಯಲ್ಲ, ವಿಧಾನವನ್ನು ತೋರಿಸಲು ನಾನು ಹಿಡಿದ ಅಂಕಿ. ಬೀದಿಯ ಉದ್ದ 500 ಮೀಟರ್, ಸಂಪರ್ಕ ಪಡೆಯುವ ಮನೆಗಳು 40. ಆರು ಜನರ ತಂಡವು ಎರಡು ಇಂಚಿನ ಸೀಳನ್ನು ದಿನಕ್ಕೆ 250 ಮೀಟರಿನಂತೆ ಕೊರೆದು, ಕೇಬಲ್ ಇಟ್ಟು, ಮುಚ್ಚುತ್ತದೆ ಎಂದರೆ ಎರಡು ದಿನ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 96 ಮಾನವ-ಗಂಟೆ. ಅದೇ ತಂಡವು ಆರು ಇಂಚಿನ ಸೀಳನ್ನು ದಿನಕ್ಕೆ 150 ಮೀಟರಿನಂತೆ ಮುಗಿಸುತ್ತದೆ ಎಂದರೆ 160 ಮಾನವ-ಗಂಟೆ. ಮೇಲುಸೀಳಿನಿಂದ ಉಳಿತಾಯ 64 ಗಂಟೆ. ಕಾಗದದ ಮೇಲೆ ಇದು ಐದರಲ್ಲಿ ಎರಡು ಪಾಲಿನ ಉಳಿತಾಯ, ಯಾವ ವ್ಯವಸ್ಥಾಪಕನೂ ಸಂತೋಷದಿಂದ ಒಪ್ಪುವ ಅಂಕಿ. ಈಗ ಮೇಲೆ ಹೇಳಿದ ಒಂದು ದುರಸ್ತಿಗೆ ನಾಲ್ಕು ಜನ ಆರು ಗಂಟೆ, ಡಾಂಬರು ಮುಚ್ಚಲು ಇಬ್ಬರು ನಾಲ್ಕು ಗಂಟೆ ಎಂದು ಹಿಡಿದರೆ 32 ಮಾನವ-ಗಂಟೆಯಾಗುತ್ತದೆ. ಇಡೀ ಬೀದಿಯ ಆಯಸ್ಸಿನಲ್ಲಿ ಕೇಬಲ್ ಎರಡು ಬಾರಿ ತುಂಡಾದರೆ ಉಳಿತಾಯ ಪೂರ್ತಿ ಹೋಯಿತು. ಮೂರನೆಯ ಬಾರಿಯಿಂದ ಮುಂದೆ ನಷ್ಟ. ಫೈಬರ್ ಜಾಲವನ್ನು ದಶಕಗಳ ಬಾಳಿಕೆಗೆ ಕಟ್ಟುತ್ತೇವೆ ಎಂಬುದನ್ನು ನೆನೆದರೆ, ಎರಡು ಎಂಬುದು ಎಷ್ಟು ಸಣ್ಣ ಸಂಖ್ಯೆ ಎಂದು ತಿಳಿಯುತ್ತದೆ.

ಅದೇ ಬೀದಿಯ ಮನೆಗಳ ಕೆಲಸವನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು. ಒಂದು ಮನೆಗೆ ಇಬ್ಬರು ಎರಡು ಗಂಟೆ ದುಡಿಯುತ್ತಾರೆ ಎಂದರೆ 40 ಮನೆಗೆ 160 ಮಾನವ-ಗಂಟೆ. ಹೇಳಿದ ಹೊತ್ತಿಗೆ ಮನೆಯಲ್ಲಿ ಯಾರೂ ಇಲ್ಲದಿರುವುದು, ಗೋಡೆ ಕೊರೆಯಲು ಮನೆಯ ಮಾಲೀಕರ ಒಪ್ಪಿಗೆ ಬೇಕೆಂದು ಬಾಡಿಗೆಯವರು ಹೇಳುವುದು, ಓಎನ್ಟಿ (ಮನೆಯೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆ) ಇಡುವ ಕೋಣೆ ಕೊನೆಯ ಗಳಿಗೆಯಲ್ಲಿ ಬದಲಾಗುವುದು, ಇವೆಲ್ಲವೂ ಯಾವ ದೇಶದಲ್ಲಾದರೂ ಆಗುತ್ತವೆ. ನಾಲ್ಕು ಮನೆಗೊಂದರಂತೆ ಇಬ್ಬರು ಇನ್ನೊಮ್ಮೆ ಒಂದು ಗಂಟೆ ಹೋಗಿಬರಬೇಕಾಯಿತು ಎಂದರೆ ಇನ್ನೂ 20 ಗಂಟೆ. ಒಟ್ಟು 180. ಅಂದರೆ ಎರಡು ಇಂಚಾದರೂ ಆರು ಇಂಚಾದರೂ, ಯಂತ್ರದ ಸೀಳು ಬಂದ ಮೇಲೆ ಬೀದಿಯ ಅತಿ ದೊಡ್ಡ ಬಾಬ್ತು ನೆಲದ ಕೆಲಸವಲ್ಲ, ಮನೆಯ ಕೆಲಸ. ಗಂಟೆ ಉಳಿಸಲು ಇನ್ನಷ್ಟು ಹುಡುಕಬೇಕಿದ್ದ ಜಾಗ ಅದು: ಅಕ್ಕಪಕ್ಕದ ಮನೆಗಳಿಗೆ ಒಂದೇ ದಿನ ಹೊತ್ತು ಗೊತ್ತುಮಾಡುವುದು, ಹಿಂದಿನ ಸಂಜೆ ಕರೆಮಾಡಿ ಖಚಿತಪಡಿಸಿಕೊಳ್ಳುವುದು, ಅಳತೆಗೆ ಸಿದ್ಧಪಡಿಸಿ ತುದಿಯಲ್ಲಿ ಕನೆಕ್ಟರ್ ಕೂರಿಸಿದ ಡ್ರಾಪ್ ಕೇಬಲ್ಲುಗಳನ್ನು ಒಯ್ಯುವುದು. ಈ ಸುಧಾರಣೆಗಳಲ್ಲಿ ಜಾಲದ ಬಾಳಿಕೆಗೆ ಯಾವ ಅಪಾಯವೂ ಇಲ್ಲ. ಸೀಳಿನ ಆಳದಲ್ಲಿ ಉಳಿಸುವ ಪ್ರತಿ ಇಂಚಿಗೂ ಅಪಾಯವಿದೆ, ಮತ್ತು ಆ ಅಪಾಯ ಒಂದು ಮನೆಗೆ ಸೀಮಿತವಾಗದೆ ಬೀದಿಗೆಲ್ಲ ಹರಡುತ್ತದೆ.

ಇದನ್ನು ಓದಿದವರು ಸೀಳುವ ವಿಧಾನವೇ ತಪ್ಪು ಎಂಬ ನಿರ್ಣಯಕ್ಕೆ ಬರಬಾರದು. ಹಾಗೆ ತಿಳಿದುಕೊಂಡು ಎಲ್ಲೆಡೆ ಒಂದು ಮೀಟರ್ ಅಗೆಯಲು ಹೊರಟರೆ ಎಷ್ಟೋ ಬಡಾವಣೆಗಳಿಗೆ ಫೈಬರ್ ಬರುವುದೇ ಇಲ್ಲ. ಅಗೆತದ ಕಷ್ಟವೂ ಸಣ್ಣದಲ್ಲ. ನೀರಿನ ಕೊಳವೆ, ಗ್ಯಾಸಿನ ಕೊಳವೆ, ವಿದ್ಯುತ್ ಕೇಬಲ್ ಎಲ್ಲಿ ಹೋಗಿದೆಯೋ ತಿಳಿಯದ ನೆಲದಲ್ಲಿ ಆಳಕ್ಕೆ ಇಳಿಯುವುದು ಕೆಲಸಗಾರನ ಜೀವದ ಪ್ರಶ್ನೆಯಾಗುತ್ತದೆ. ಗೂಗಲ್ ಫೈಬರ್ ಕೂಡ ಈ ವಿಧಾನವನ್ನು ಕೈಬಿಡಲಿಲ್ಲ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಸೀಳಿನ ಆಳವನ್ನು ಆರು ಇಂಚಿಗೆ ಹೆಚ್ಚಿಸಿ ಮುಂದುವರಿಸಿತು. ಎರಡರಿಂದ ಆರಕ್ಕೆ ಹೋಗುವುದೆಂದರೆ ರಸ್ತೆ ಕೆತ್ತುವ ಪದರದಿಂದ ಕೆಳಗೆ ಇಳಿಯುವುದು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುವು ಇರುವುದು ಈ ನಾಲ್ಕು ಇಂಚಿನಲ್ಲಿ. ರಸ್ತೆ ನಿರ್ವಹಿಸುವ ಎಂಜಿನಿಯರ್ ಒಬ್ಬರನ್ನು ಅಂದಾಜು ಹಾಕುವ ಮೇಜಿನ ಬಳಿ ಕೂರಿಸಿಕೊಂಡು, ಈ ಬೀದಿಗೆ ಮುಂದಿನ ಡಾಂಬರು ಯಾವಾಗ, ಎಷ್ಟು ಆಳದವರೆಗೆ ಕೆತ್ತುತ್ತೀರಿ ಎಂದು ಕೇಳಿದ್ದರೆ ಸಿಗಬಹುದಾಗಿದ್ದ ಮಾಹಿತಿ ಅದು. ಅದಕ್ಕೆ ಬೇಕಾದದ್ದು ಅರ್ಧ ದಿನದ ಸಭೆ.

ಹಾಗಾದರೆ ಉಳಿಸಿದ ಗಂಟೆಗಳು ಎಲ್ಲಿಗೆ ಹೋದವು? ಅವು ಇಲ್ಲವಾಗಲಿಲ್ಲ, ಬೇರೆಯವರ ಲೆಕ್ಕಕ್ಕೆ ಸಂದವು. ಅಂಟು ಕಿತ್ತು ಡಾಂಬರು ತುಂಬಿದ ತಂಡಗಳ ಲೆಕ್ಕಕ್ಕೆ, ದೂರು ಸ್ವೀಕರಿಸಿ ಬೀದಿಬೀದಿಗೆ ಹೋಗಿ ನೋಡಿಬಂದ ನಗರದ ನೌಕರರ ಲೆಕ್ಕಕ್ಕೆ. ಹೊರನಡೆಯುವ ಒಪ್ಪಂದದಂತೆ ಗೂಗಲ್ ಫೈಬರ್ ನಗರಕ್ಕೆ 20 ತಿಂಗಳ ಅವಧಿಯಲ್ಲಿ 38.4 ಲಕ್ಷ ಡಾಲರ್ ಕೊಡಲು ಒಪ್ಪಿತು. ಬಿಟ್ಟುಹೋದ ಕೇಬಲ್ ಮತ್ತು ಅಂಟನ್ನು ತೆಗೆಯುವುದು, ರಸ್ತೆಯನ್ನು ಕೆತ್ತಿ ಮತ್ತೆ ಡಾಂಬರು ಹಾಕುವುದು ಆ ಹಣದ ಉದ್ದೇಶ. ಸಂಸ್ಥೆಗೆ ಶಕ್ತಿಯಿತ್ತು, ಕೊಟ್ಟಿತು. ಬಂಡವಾಳ ಕಡಿಮೆಯಿರುವ ಸ್ಥಳೀಯ ಆಪರೇಟರ್ ಒಬ್ಬ ಇದೇ ಲೆಕ್ಕದಿಂದ ಇದೇ ತಪ್ಪು ಮಾಡಿದ್ದರೆ ಆ ಸೀಳುಗಳು ಹಾಗೇ ಉಳಿಯುತ್ತಿದ್ದವು, ಇಲ್ಲವೇ ಮೀಟರ್ ಲೆಕ್ಕದಲ್ಲಿ ಕೂಲಿಗೆ ಬಂದವರನ್ನು ಕೂಲಿಯಿಲ್ಲದೆ ಮತ್ತೆ ಬೀದಿಗೆ ಇಳಿಸಲಾಗುತ್ತಿತ್ತು. ಅಂದಾಜಿನಲ್ಲಿ ಬರೆಯದ ಗಂಟೆಯನ್ನು ಕೊನೆಗೆ ಯಾರೋ ಒಬ್ಬರು ದುಡಿದೇ ತೀರಿಸಬೇಕು, ಮತ್ತು ಆ ಒಬ್ಬರು ಅಂದಾಜಿಗೆ ಸಹಿ ಹಾಕಿದವರಾಗಿರುವುದು ತೀರಾ ಅಪರೂಪ. ಇದು ನನ್ನನ್ನು ಈ ಪ್ರಕರಣದ ಹಣದ ಲೆಕ್ಕಕ್ಕಿಂತ ಹೆಚ್ಚು ಕಾಡಿದ ವಿಷಯ.

ಲೂಯಿವಿಲ್ ನಂತರ ನನ್ನ ಪಟ್ಟಿಯಲ್ಲಿ ಪ್ರತಿ ಬಾಬ್ತಿನ ಮುಂದೆ ಮೂರು ಕಲಮುಗಳಿರುತ್ತವೆ. ಮೊದಲನೆಯದು ಕೈಕೆಲಸದ ಗಂಟೆ. ಎರಡನೆಯದು ಆ ಕೆಲಸ ಎಷ್ಟು ಬಾರಿ ನಿಂತು ಮತ್ತೆ ಆರಂಭವಾಗುತ್ತದೆ ಎಂಬುದು, ಅಂದರೆ ಎಷ್ಟು ಜಾಗ, ಎಷ್ಟು ಭೇಟಿ, ಯಾರ ಅನುಮತಿಗಾಗಿ ಎಷ್ಟು ದಿನ. ಮೂರನೆಯದು ಹತ್ತು ವರ್ಷದಲ್ಲಿ ಆ ಬಾಬ್ತನ್ನು ಎಷ್ಟು ಬಾರಿ ಮತ್ತೆ ಮುಟ್ಟಬೇಕಾಗಬಹುದು ಎಂಬ ಊಹೆ. ಮೂರನೆಯ ಕಲಮನ್ನು ತುಂಬುವುದು ಕಷ್ಟ. ಅದರಲ್ಲಿ ಬರೆದದ್ದು ತಪ್ಪಾಗುವುದೇ ಹೆಚ್ಚು. ಆದರೂ ಅಲ್ಲಿ ಒಂದು ಅಂಕಿ ಇರಲೇಬೇಕು, ಏಕೆಂದರೆ ಖಾಲಿ ಬಿಟ್ಟ ಕಲಮನ್ನು ಗುಣಿಸುವಾಗ ಅದು ಸೊನ್ನೆಯಾಗುತ್ತದೆ. ಎರಡು ಇಂಚಿನ ಸೀಳು ಅಗ್ಗವಾಗಿ ಕಂಡದ್ದು ಆ ಸೊನ್ನೆಯಿಂದ.

2019ರ ಏಪ್ರಿಲ್ 15ರ ನಂತರ ಲೂಯಿವಿಲ್‌ನ ಆ ಮನೆಗಳವರು ಬೇರೆ ಸಂಸ್ಥೆಗಳ ಸಂಪರ್ಕಕ್ಕೆ ಮರಳಬೇಕಾಯಿತು. ದೂರುಗಳು ಬಂದದ್ದು ರಸ್ತೆಯ ಸೀಳಿನ ಬಗ್ಗೆ. ಅಂಗಳ ದಾಟಿಸಿ, ಗೋಡೆ ಕೊರೆದು, ಎಳೆಯ ತುದಿಯನ್ನು ಕೋಣೆಯವರೆಗೆ ತಂದು, ಬೆಳಕಿನ ಮಟ್ಟ ಅಳೆದು ನೋಡಿ ಹೋದ ಕೆಲಸಗಾರರ ದುಡಿಮೆಯೂ ಅದೇ ದಿನ ಉಪಯೋಗವಿಲ್ಲದ್ದಾಯಿತು.